ಗುಲಾಬಿ ಕಾಗದದ ಮೇಲೊಂದು ಥ್ಯಾಂಕ್ಸ್

ಆ ಅಡುಗೆಮನೆಯ ಗೋಡೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಫ್ರಿಜ್ ಪಕ್ಕದಲ್ಲಿ ಹಳೇ ಕ್ಯಾಲೆಂಡರ್. ಅದರ ಕೆಳಗೆ ಗುಲಾಬಿ ಬಣ್ಣದ ಪತ್ರಿಕೆಯ ಒಂದು ಇಡೀ ಪುಟ, ನಾಲ್ಕು ಮೂಲೆಗೂ ಟೇಪ್ ಹಚ್ಚಿದ್ದು. ಪತ್ರಿಕೆ ಇಟಲಿಯದು. ಮನೆಯ ಯಜಮಾನರಿಗೆ ಇಟಾಲಿಯನ್ ಭಾಷೆಯ ಒಂದಕ್ಷರವೂ ಬಾರದು. ಆದರೆ ಒಬ್ಬ ಫುಟ್‌ಬಾಲ್ ಕೋಚಿಗೆ ಥ್ಯಾಂಕ್ಸ್ ಹೇಳಿದ್ದ ಆ ಪುಟಕ್ಕೆ ದುಡ್ಡು ಕೊಟ್ಟವರಲ್ಲಿ ಅವರೂ ಒಬ್ಬರು.

ನಾನು ಕೆಲಸದ ಮೇಲೆ ಮ್ಯಾಂಚೆಸ್ಟರಿಗೆ ಹೋಗಿದ್ದು 2010ರಲ್ಲಿ. ನಾಲ್ಕು ವರ್ಷ ಇದ್ದೆ. ಮನೆ ಮಾಡಿದ್ದು ರಷೋಮ್‌ನಲ್ಲಿ. ಕರಿಬೇವು, ತೊಗರಿಬೇಳೆ ಸಿಗುವ ಅಂಗಡಿಗಳು ಅಲ್ಲಿ ಸಾಲಾಗಿವೆ, ಅದಕ್ಕೇ ಆ ಜಾಗ ಹಿಡಿದಿದ್ದೆ. ಪಕ್ಕದ ಮನೆಯಲ್ಲಿ ಬಸ್ ಓಡಿಸಿ ನಿವೃತ್ತರಾಗಿದ್ದ ಒಬ್ಬ ಅಜ್ಜ ಇದ್ದರು. ಹೆಂಡತಿ ತೀರಿಕೊಂಡಿದ್ದರು, ಮಗಳು ಬೇರೆ ಊರಲ್ಲಿ. ಮೊದಲ ವಾರವೇ ಬೇಲಿ ಪಕ್ಕ ನಿಂತು ಕೇಳಿದ್ದರು, "ಕೆಂಪೋ ನೀಲಿಯೋ?" ಕ್ರಿಕೆಟ್ ಬಿಟ್ಟು ಬೇರೇನೂ ನೋಡದೆ ಬೆಳೆದ ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಊರಿಗೆ ಎರಡು ಫುಟ್‌ಬಾಲ್ ಕ್ಲಬ್ಬು: ಕೆಂಪು ಅಂದರೆ ಮ್ಯಾಂಚೆಸ್ಟರ್ ಯುನೈಟೆಡ್, ನೀಲಿ ಅಂದರೆ ಮ್ಯಾಂಚೆಸ್ಟರ್ ಸಿಟಿ. ಅವರು ನೀಲಿ. ಆ ದಿನದಿಂದ ನಾನೂ ನೀಲಿ.

ಸಿಟಿಯ ಹಳೇ ಮೈದಾನ ಮೇನ್ ರೋಡ್ ನಮ್ಮ ಮನೆಯಿಂದ ನಡೆದುಹೋಗುವಷ್ಟು ಹತ್ತಿರದಲ್ಲಿತ್ತಂತೆ. 2003ರಲ್ಲಿ ಕ್ಲಬ್ ಆ ಮೈದಾನ ಬಿಟ್ಟು ಊರಿನ ಪೂರ್ವಕ್ಕಿರುವ ಹೊಸ ಕ್ರೀಡಾಂಗಣಕ್ಕೆ ಹೋಯಿತು. ಅಜ್ಜ ಒಂದು ಭಾನುವಾರ ನನ್ನನ್ನು ಕರೆದುಕೊಂಡು ಹೋಗಿ, ಮನೆಗಳೆದ್ದಿದ್ದ ಆ ಜಾಗ ತೋರಿಸಿದರು. "ಇಲ್ಲಿ ನನ್ನಪ್ಪ ನಿಲ್ತಾ ಇದ್ದರು" ಅಂದರು. ನಾವು ಊರಿಗೆ ಹೋದಾಗ ಬಿದ್ದುಹೋದ ತೊಟ್ಟಿಮನೆಯ ಜಾಗ ತೋರಿಸ್ತೀವಲ್ಲ, ಹಾಗೇ ಇತ್ತು ಅವರ ದನಿ.

ಸಿಟಿ ಅಭಿಮಾನಿಗಳ ಕಥೆ ಗೊತ್ತಿಲ್ಲದಿದ್ದರೆ ಮುಂದಿನದ್ದು ಅರ್ಥವಾಗಲ್ಲ. ಅಜ್ಜನಿಗೆ ಇಪ್ಪತ್ತು ವರ್ಷವಿದ್ದಾಗ, 1968ರಲ್ಲಿ, ಸಿಟಿ ಲೀಗ್, ಅಂದರೆ ಇಂಗ್ಲೆಂಡಿನ ಅತಿ ಮೇಲಿನ ದರ್ಜೆಯ ಟೂರ್ನಿ, ಗೆದ್ದಿತ್ತು. 1976ರಲ್ಲಿ ಲೀಗ್ ಕಪ್. ಅಲ್ಲಿಂದಾಚೆಗೆ ಒಂದೂ ದೊಡ್ಡ ಕಪ್ ಇಲ್ಲ. 1999ರ ಹೊತ್ತಿಗೆ ಮೂರನೇ ದರ್ಜೆಗೆ ಇಳಿದಿತ್ತು. ಆ ವರ್ಷ ಮೇ 30ರಂದು ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ಗಿಲ್ಲಿಂಗ್‌ಹ್ಯಾಮ್ ವಿರುದ್ಧ 2-0 ಹಿಂದಿದ್ದು, ಪಂದ್ಯ ಮುಗಿಯುವ ಹೊತ್ತಿಗೆ ಎರಡು ಗೋಲು ಹೊಡೆದು, ಪೆನಾಲ್ಟಿಯಲ್ಲಿ ಗೆದ್ದು ಮೇಲೆ ಬಂತು. ಎದುರುಗಡೆ ಯುನೈಟೆಡ್ ಅದೇ ವಾರ ಯುರೋಪಿನ ಚಾಂಪಿಯನ್ ಆಗಿತ್ತು. ಒಂದೇ ಊರು. ಒಂದೇ ಆಫೀಸು, ಒಂದೇ ಶಾಲೆ, ಒಂದೇ ಬಸ್ಸು. ಯುನೈಟೆಡ್ಡಿನ ಮೈದಾನದಲ್ಲಿ ಸಿಟಿ ಕಪ್ ಗೆಲ್ಲದ ವರ್ಷಗಳನ್ನು ಎಣಿಸುವ ಒಂದು ಬ್ಯಾನರ್ ಕಟ್ಟಿದ್ದರು. ಪ್ರತಿವರ್ಷ ಅಂಕಿ ಒಂದೊಂದು ಜಾಸ್ತಿಯಾಗ್ತಿತ್ತು. ಅದರ ಕೆಳಗೆ ಆಡಿ ಬರಬೇಕಿತ್ತು ಸಿಟಿ.

2008ರ ಸೆಪ್ಟೆಂಬರ್ 1ರಂದು ಅಬುಧಾಬಿಯ ಶೇಖ್ ಮನ್ಸೂರ್ ಅವರ ಗುಂಪು ಕ್ಲಬ್ಬನ್ನು ಕೈಗೆ ತೆಗೆದುಕೊಂಡಿತು. ಅದೇ ದಿನ ರಿಯಲ್ ಮ್ಯಾಡ್ರಿಡ್‌ನಿಂದ ಆಟಗಾರ ರೊಬಿನ್ಯೋ ಬಂದ, 3 ಕೋಟಿ 25 ಲಕ್ಷ ಪೌಂಡ್‌ಗೆ. ದುಡ್ಡು ಹೊಳೆಯಾಗಿ ಹರಿಯಿತು. 2010-11ರ ಒಂದೇ ವರ್ಷದ ನಷ್ಟ 19 ಕೋಟಿ ಪೌಂಡ್ ದಾಟಿತ್ತು. ಸಿಟಿ ಅಭಿಮಾನಿಗಳಿಗೆ ಖುಷಿಯಾಗಿತ್ತಾ ಅಂತ ಅಜ್ಜನನ್ನು ಕೇಳಿದ್ದೆ. ಖುಷಿ ಆಯ್ತು, ಸ್ವಲ್ಪ ಹೆದರಿಕೆಯೂ ಆಯ್ತು ಅಂದರು. ಇಷ್ಟು ವರ್ಷ ಆ ಕ್ಲಬ್ಬಿಗೆ ತಮ್ಮಂಥವರು ಬೇಕಾಗಿತ್ತು. ಟಿಕೆಟ್ ದುಡ್ಡಿನಿಂದ ಕ್ಲಬ್ ಉಸಿರಾಡ್ತಿತ್ತು. ಇನ್ನು ತಾವು ಬಂದರೂ ಒಂದೇ, ಬಿಟ್ಟರೂ ಒಂದೇ ಆಗಿಬಿಟ್ಟರೆ?

ಇಟಲಿಯ ರೋಬರ್ಟೋ ಮಾನ್ಚೀನಿ ಸಿಟಿಯ ಮ್ಯಾನೇಜರಾಗಿ, ಅಂದರೆ ತಂಡದ ಕೋಚ್ ಆಗಿ, ಬಂದಿದ್ದು 2009ರ ಡಿಸೆಂಬರ್ 19ರಂದು. ಬಂದ ರೀತಿ ಚೆನ್ನಾಗಿರಲಿಲ್ಲ. ಅವತ್ತು ಮಧ್ಯಾಹ್ನ ಸಿಟಿ ಸಂಡರ್‌ಲ್ಯಾಂಡ್ ವಿರುದ್ಧ 4-3 ಗೆದ್ದಿತ್ತು. ಗೆದ್ದ ಮ್ಯಾನೇಜರ್ ಮಾರ್ಕ್ ಹ್ಯೂಸ್‌ರನ್ನು ಅದೇ ಸಂಜೆ ಮನೆಗೆ ಕಳಿಸಿದರು. ಹಾಗೆ ತೆರೆದ ಬಾಗಿಲಲ್ಲಿ ಒಳಗೆ ಬಂದವರು ಮಾನ್ಚೀನಿ. ಮುಂದೆ ನಡೆದದ್ದನ್ನು ನೆನೆಯುವಾಗಲೆಲ್ಲ ಇದು ನನ್ನ ತಲೆಗೆ ಬರುತ್ತೆ.

ಮೊದಲ ಪಂದ್ಯಕ್ಕೆ, ಕ್ರಿಸ್‌ಮಸ್ ಮಾರನೇ ದಿನ, ಅವರು ಕೊರಳಿಗೆ ನೀಲಿ-ಬಿಳಿ ಪಟ್ಟೆಯ ಸ್ಕಾರ್ಫ್ ಸುತ್ತಿಕೊಂಡು ಬಂದರು. ಸುಮ್ನೆ ಒಂದು ಸ್ಕಾರ್ಫ್. ಆದರೆ ಅದು ಅಜ್ಜನ ಕಾಲದವರು ಹಾಕ್ತಿದ್ದ ಹಳೇ ಮಾದರಿಯದ್ದು. ಒಳ್ಳೇ ಕೋಟು ತೊಟ್ಟ ಇಟಲಿಯ ಮನುಷ್ಯ ತಮ್ಮಪ್ಪನ ಸ್ಕಾರ್ಫ್ ಹಾಕಿಕೊಂಡು ನಿಂತ ಹಾಗೆ ಕಂಡಿತಂತೆ ಅವರಿಗೆ. ಮುಂದಿನ ಚಳಿಗಾಲ ನಾನು ನೋಡಿದ ಹಾಗೆ ಟ್ರಾಮ್ ತುಂಬ ಅದೇ ಸ್ಕಾರ್ಫ್. ನನ್ನ ಕೊರಳಲ್ಲೂ.

2011ರ ಮೇ 14ರಂದು ಇಂಗ್ಲೆಂಡಿನ ಹಳೇ ನಾಕೌಟ್ ಟೂರ್ನಿ ಎಫ್‌ಎ ಕಪ್ ಫೈನಲ್. ಸ್ಟೋಕ್ ವಿರುದ್ಧ 1-0, ಯಾಯಾ ಟೂರೆಯ ಗೋಲು. 35 ವರ್ಷದ ನಂತರ ಒಂದು ಕಪ್. ಅದೇ ದಿನ ಯುನೈಟೆಡ್ ತನ್ನ 19ನೇ ಲೀಗ್ ಗೆದ್ದಿತ್ತು, ಆದರೆ ನಮ್ಮ ಬೀದಿಯ ಅರ್ಧ ಜನಕ್ಕೆ ಅದು ಕಿವಿಗೇ ಬೀಳಲಿಲ್ಲ. ಎದುರಾಳಿ ಮೈದಾನದ ಬ್ಯಾನರ್ ಕೆಳಗಿಳಿಯಿತು. ಅಜ್ಜ ಆ ರಾತ್ರಿ ಬಾಗಿಲು ತಟ್ಟಿ ನನಗೊಂದು ಬಿಯರ್ ಕೊಟ್ಟು, ಏನೂ ಹೇಳದೆ ಹೋದರು.

ಮರುವರ್ಷದ್ದು ಎಲ್ಲರಿಗೂ ಗೊತ್ತು. ಅಕ್ಟೋಬರಿನಲ್ಲಿ ಯುನೈಟೆಡ್ಡನ್ನು ಅದರ ಮನೆಯಲ್ಲೇ 6-1 ಹೊಡೆದದ್ದು. ಆಮೇಲೆ 2012ರ ಮೇ 13. ಕ್ವೀನ್ಸ್ ಪಾರ್ಕ್ ರೇಂಜರ್ಸ್ ವಿರುದ್ಧ ಗೆಲ್ಲಲೇಬೇಕು. 90 ನಿಮಿಷ ಮುಗಿದಾಗ 2-1 ಹಿಂದೆ. 92ನೇ ನಿಮಿಷದಲ್ಲಿ ಜೆಕೋ ಹೆಡ್ ಮಾಡಿದ, 2-2. 93 ನಿಮಿಷ 20 ಸೆಕೆಂಡಿಗೆ ಅಗ್ವೇರೋ. ನಾನು ಪಬ್ಬಿನಲ್ಲಿದ್ದೆ. ಗುರುತಿಲ್ಲದ ಗಂಡಸೊಬ್ಬ ನನ್ನ ಭುಜಕ್ಕೆ ತಲೆಯಿಟ್ಟು ಅತ್ತ. 44 ವರ್ಷದ ಮೇಲೆ ಲೀಗ್! ಅಜ್ಜ ಮೈದಾನದಲ್ಲೇ ಇದ್ದರು. ಸಂಜೆ ಬಂದಾಗ ಗಂಟಲೇ ಇರಲಿಲ್ಲ ಅವರಿಗೆ. ಕೈಸನ್ನೆಯಲ್ಲೇ ಟೀ ಬೇಕಾ ಅಂತ ಕೇಳಿದರು.

ಸರಿಯಾಗಿ ಒಂದು ವರ್ಷಕ್ಕೆ, 2013ರ ಮೇ 13ರ ರಾತ್ರಿ, ಮಾನ್ಚೀನಿಯನ್ನು ತೆಗೆದುಹಾಕಿದರು.

ಕ್ಲಬ್ಬಿಗೆ ಕಾರಣ ಇರಲಿಲ್ಲ ಅಂತ ನಾನು ಹೇಳಲ್ಲ. ಆ ವರ್ಷ ಸಿಟಿ ಲೀಗಿನಲ್ಲಿ ಯುನೈಟೆಡ್‌ಗಿಂತ 11 ಅಂಕ ಹಿಂದೆ ಉಳಿಯಿತು. ಯುರೋಪಿನ ದೊಡ್ಡ ಕ್ಲಬ್ಬುಗಳು ಆಡುವ ಚಾಂಪಿಯನ್ಸ್ ಲೀಗಿನ ಗುಂಪಿನಲ್ಲಿ ಒಂದೂ ಪಂದ್ಯ ಗೆಲ್ಲದೆ ಕೊನೆಯ ಸ್ಥಾನಕ್ಕೆ ಬಿತ್ತು. ಮಾನ್ಚೀನಿ ಗಡಸು ಮನುಷ್ಯ. ಆಟಗಾರರನ್ನು ಎಲ್ಲರ ಮುಂದೆ ಬೈಯ್ತಿದ್ದರು. ಆಟಗಾರ ಬಲೊಟೆಲ್ಲಿ ಜೊತೆ ಅಭ್ಯಾಸದ ಮೈದಾನದಲ್ಲಿ ಅಂಗಿ ಹಿಡಿದು ಎಳೆದಾಡಿದ ಫೋಟೋ ಊರೆಲ್ಲ ನೋಡಿತ್ತು. ಬಾರ್ಸಿಲೋನಾದಿಂದ ಬಂದಿದ್ದ ಸೊರಿಯಾನೋ ಮತ್ತು ಬೆಗಿರಿಸ್ಟೈನ್ ಈಗ ಕ್ಲಬ್ ನಡೆಸ್ತಿದ್ದರು, ಅವರ ಲೆಕ್ಕಾಚಾರವೇ ಬೇರೆ. ಪಬ್ಬಿನಲ್ಲಿ ಇದನ್ನೆಲ್ಲ ನಮಗಿಂತ ಚೆನ್ನಾಗಿ ಮಾತಾಡ್ತಿದ್ದರು. "ಈ ವರ್ಷ ಚೆನ್ನಾಗಿ ಆಡಲಿಲ್ಲ" ಅನ್ನುವವರೇ ಎಲ್ಲ. "ಆದರೆ ಹೀಗಾ?" ಅನ್ನೋದು ಅದರ ಬೆನ್ನಿಗೇ ಬರುವ ಮಾತು.

ಹೀಗಾ ಅಂದರೆ ಹೇಗೆ? ಎರಡು ದಿನ ಮೊದಲು, ಮೇ 11ರಂದು, ಎಫ್‌ಎ ಕಪ್ ಫೈನಲ್ ಇತ್ತು, ವಿಗನ್ ವಿರುದ್ಧ. ಅವತ್ತಿನ ಪತ್ರಿಕೆಗಳಲ್ಲೇ ಸುದ್ದಿ ಬಂದಾಗಿತ್ತು. ಮಾನ್ಚೀನಿ ಹೋಗ್ತಾರೆ, ಸ್ಪೇನಿನ ಮಾಲಗಾ ಕ್ಲಬ್ಬಿನ ಮ್ಯಾನೇಜರ್ ಪೆಲ್ಲೆಗ್ರಿನಿ ಬರ್ತಾರೆ ಅಂತ. ಕ್ಲಬ್ ಬಾಯಿ ಬಿಡಲಿಲ್ಲ. ಸುಳ್ಳು ಅನ್ನಲಿಲ್ಲ, ನಿಜ ಅನ್ನಲೂ ಇಲ್ಲ. ಅಭಿಮಾನಿಗಳು ವೆಂಬ್ಲಿಯಲ್ಲಿ ಮಾನ್ಚೀನಿಯ ಹೆಸರು ಹಾಡಿದರು. ಕೊನೆಯ ಕ್ಷಣದಲ್ಲಿ ಬೆನ್ ವಾಟ್ಸನ್ ತಲೆಗೆ ತಗುಲಿದ ಚೆಂಡು ಒಳಗೆ ಹೋಯಿತು, ಸಿಟಿ 1-0 ಸೋತಿತು. ಈ ಗಾಳಿಸುದ್ದಿಯನ್ನು ಕ್ಲಬ್ ಯಾಕೆ ತಡೆಯಲಿಲ್ಲ ಅಂತ ಮಾನ್ಚೀನಿ ಪಂದ್ಯದ ನಂತರ ನೊಂದು ಮಾತಾಡಿದರು. ಮನೆಯವರೆಲ್ಲ ಮಾತಾಡಿಕೊಂಡಾಗಿದೆ, ನನಗೊಬ್ಬನಿಗೆ ಹೇಳಿಲ್ಲ ಅನ್ನುವವರ ಮುಖ ಅದು.

ಆಮೇಲೆ ಆ ಹೇಳಿಕೆ. ಚಾಂಪಿಯನ್ಸ್ ಲೀಗಿಗೆ ಅರ್ಹತೆ ಪಡೆದದ್ದು ಬಿಟ್ಟು ಈ ವರ್ಷದ ಒಂದು ಗುರಿಯನ್ನೂ ಮುಟ್ಟಿಲ್ಲ. ಕ್ಲಬ್ಬಿನ ಫುಟ್‌ಬಾಲ್ ಎಲ್ಲದಕ್ಕೂ ಸೇರಿ ಒಂದು "ಹೋಲಿಸ್ಟಿಕ್" ದಾರಿ ಬೇಕಾಗಿದೆ. ಅಜ್ಜ ಮರುದಿನ ಬೆಳಿಗ್ಗೆ ನನ್ನನ್ನು ಕರೆದು ಆ ಪದ ತೋರಿಸಿದರು. "ನೀನು ಆಫೀಸಿನವನು, ಹೇಳಪ್ಪ, ಇದರರ್ಥ ಏನು?" ಅರ್ಥ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮೂವತ್ತು ವರ್ಷ ಬಸ್ ಓಡಿಸಿದ ಮನುಷ್ಯನಿಗೆ ಆ ಪದದಲ್ಲಿ ತನ್ನ ಕ್ಲಬ್ ಕಾಣಲಿಲ್ಲ. ಅವರಿಗೆ ಕೋಪ ಬಂದಿತ್ತು ಅಂತ ಬರೆಯಬಹುದು, ಆದರೆ ನಾನು ಕಂಡದ್ದು ನಾಚಿಕೆ. ತನ್ನ ಮನೆಗೆ ಬಂದಿದ್ದ ನೆಂಟರಿಗೆ ತನ್ನವರು ಅವಮಾನ ಮಾಡಿ ಕಳಿಸಿದರಲ್ಲ ಅನ್ನುವ ನಾಚಿಕೆ.

ಮಂಗಳವಾರ ರಾತ್ರಿ ರೆಡಿಂಗ್‌ನಲ್ಲಿ ಪಂದ್ಯವಿತ್ತು. ನಾವು ಅವರ ಅಡುಗೆಮನೆಯಲ್ಲಿ ಕೂತು ರೇಡಿಯೋ ಕೇಳಿದೆವು. ಬ್ರಯಾನ್ ಕಿಡ್ ತಂಡ ನೋಡಿಕೊಳ್ತಿದ್ದರು. ಸಿಟಿ 2-0 ಗೆದ್ದಿತು. ಆದರೆ ಕಾಮೆಂಟರಿಯ ಹಿಂದೆ ಮತ್ತೆ ಮತ್ತೆ ಕೇಳ್ತಿದ್ದದ್ದು ಒಂದೇ ಹಾಡು. ಹಳೇ ಇಟಾಲಿಯನ್ ಧಾಟಿಯೊಂದಕ್ಕೆ ಅಭಿಮಾನಿಗಳು ಮಾನ್ಚೀನಿಯ ಹೆಸರು ಕೂರಿಸಿದ್ದರು, ಮೂರು ವರ್ಷದಿಂದ ಹಾಡ್ತಿದ್ದರು. ಅಲ್ಲಿ ಇಲ್ಲದ ಮನುಷ್ಯನಿಗೆ ಅದನ್ನು ಹಾಡ್ತಿದ್ದರು. ಅಜ್ಜ ಟೀ ಕಪ್ ಹಿಡಿದು ಸಣ್ಣ ದನಿಯಲ್ಲಿ ಸೇರಿಕೊಂಡರು. ಅದೇ ರಾತ್ರಿ, ಮೂರು ದಿನದ ಹಿಂದೆ ನಮ್ಮನ್ನು ಸೋಲಿಸಿ ಕಪ್ ಎತ್ತಿದ್ದ ವಿಗನ್, ಆರ್ಸೆನಲ್‌ಗೆ ಸೋತು ಕೆಳಗಿನ ದರ್ಜೆಗೆ ಬಿತ್ತು.

ಆ ವಾರವೇ ಅಭಿಮಾನಿಗಳು ದುಡ್ಡು ಕೂಡಿಸತೊಡಗಿದ್ದು. ಇಟಲಿಯ ಗುಲಾಬಿ ಬಣ್ಣದ ಕ್ರೀಡಾ ಪತ್ರಿಕೆ ಗಜ್ಜೆಟ್ಟಾ ಡೆಲ್ಲೋ ಸ್ಪೋರ್ಟ್‌ನಲ್ಲಿ ಇಡೀ ಒಂದು ಪುಟ ಜಾಹೀರಾತು ಕೊಟ್ಟು ಥ್ಯಾಂಕ್ಸ್ ಹೇಳೋಣ ಅಂತ. ನನಗೆ ಇವತ್ತಿಗೂ ಮೈ ಜುಂ ಅನ್ನುತ್ತೆ. ಜಗತ್ತಿನ ಅತಿ ಶ್ರೀಮಂತ ಕ್ಲಬ್ಬುಗಳಲ್ಲಿ ಒಂದು. ಅದರ ಹೆಸರಲ್ಲಿ ಒಂದು ಪ್ರೀತಿಯ ಮಾತು ಹೇಳಲು ಬಸ್ ಡ್ರೈವರುಗಳು, ಗಾರೆಯವರು, ವಿದ್ಯಾರ್ಥಿಗಳು ತಮ್ಮ ಜೇಬಿಗೆ ಕೈಹಾಕಿದರು. ಅಜ್ಜನಿಗೆ ಆನ್‌ಲೈನ್‌ನಲ್ಲಿ ದುಡ್ಡು ಕಳಿಸೋದು ಗೊತ್ತಿರಲಿಲ್ಲ. ಹತ್ತು ಪೌಂಡಿನ ನೋಟು ನನ್ನ ಕೈಗಿಟ್ಟು ಕಳಿಸು ಅಂದರು. ನಂದೂ ಹತ್ತು ಸೇರಿಸಿದೆ. ನನ್ನ ಜೊತೆ ಕೆಲಸ ಮಾಡ್ತಿದ್ದ ಮಿಲಾನಿನ ಹುಡುಗಿಯೊಬ್ಬಳು ಆ ದಿನದ ಪತ್ರಿಕೆಯನ್ನು ಅಣ್ಣನಿಂದ ತರಿಸಿಕೊಟ್ಟಳು. ಆ ಪುಟವೇ ಗೋಡೆ ಏರಿದ್ದು.

ಮಾನ್ಚೀನಿ ಅದಕ್ಕೆ ಉತ್ತರ ಕೊಟ್ಟರು. ಮ್ಯಾಂಚೆಸ್ಟರ್ ಈವ್ನಿಂಗ್ ನ್ಯೂಸ್‌ನಲ್ಲಿ ತಾವೂ ಒಂದು ಪುಟ ಕೊಂಡು, ಮರೆಯಲಾಗದ ಮೂರು ವರ್ಷ, ನೀವು ಸದಾ ನನ್ನ ಮನಸ್ಸಿನಲ್ಲಿರ್ತೀರಿ ಅನ್ನುವ ಅರ್ಥದಲ್ಲಿ ನಾಲ್ಕು ಮಾತು ಬರೆಸಿ, ಇಟಾಲಿಯನ್ನರು ಬೀಳ್ಕೊಳ್ಳುವಾಗ ಹೇಳುವ ಚಾವ್ ಅಂತ ಮುಗಿಸಿದ್ದರು. ಇಬ್ಬರ ನಡುವೆ ಇದ್ದ ಕ್ಲಬ್ ಎಂಬ ಮನೆ ಬಾಗಿಲು ಹಾಕಿಕೊಂಡಿತ್ತು. ಅವರು ಕಿಟಕಿಯಿಂದ ಮಾತಾಡಿಕೊಂಡರು.

ನಮ್ಮಲ್ಲಿ ಬೀಳ್ಕೊಡುಗೆ ಅನ್ನುವುದು ದೊಡ್ಡ ಸಂಗತಿ. ಹಳ್ಳಿ ಶಾಲೆಯ ಮೇಷ್ಟ್ರಿಗೆ ವರ್ಗವಾದರೂ ಒಂದು ಶಾಲು, ಒಂದು ಹಾರ, ತಟ್ಟೆಯಲ್ಲಿ ಹಣ್ಣು, ಮಕ್ಕಳಿಂದ ಒಂದು ಹಾಡು. ನಾಲ್ಕು ಮಂದಿ ಎದ್ದು ಒಳ್ಳೇದು ಹೇಳ್ತಾರೆ. ನನ್ನಪ್ಪ ಮೇಷ್ಟ್ರಾಗಿದ್ದವರು. ಒಮ್ಮೆ ವರ್ಷದ ನಡುವೆ ರಾತ್ರೋರಾತ್ರಿ ವರ್ಗದ ಆದೇಶ ಬಂತು, ಕಾರ್ಯಕ್ರಮಕ್ಕೆ ಹೊತ್ತೇ ಸಿಗಲಿಲ್ಲ. ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ನೋಡಿದರೆ ಊರ ಅರ್ಧ ಜನ ನಿಂತಿದ್ದರು. ಯಾರೋ ಒಂದು ಬುಟ್ಟಿ ಸೀಬೆಹಣ್ಣು ಕೊಟ್ಟರು. ಋಣ ಇಟ್ಟುಕೊಳ್ಳಬಾರದು ಅಂತ ಒಬ್ಬ ಅಜ್ಜಿ ಅಂದದ್ದು ನೆನಪಿದೆ. ರಷೋಮ್‌ನ ಆ ಅಡುಗೆಮನೆಯಲ್ಲಿ ಹತ್ತು ಪೌಂಡಿನ ನೋಟು ಕೈಗೆ ಬಂದಾಗ ನನಗೆ ಆ ಸೀಬೆಹಣ್ಣಿನ ವಾಸನೆ ಬಂದ ಹಾಗಾಯ್ತು. ಇಂಗ್ಲಿಷಿನಲ್ಲಿ ಋಣಕ್ಕೆ ಸರಿಯಾದ ಪದ ನನಗೆ ಸಿಗಲಿಲ್ಲ. ಅಜ್ಜನಿಗೆ ಪದ ಬೇಕಾಗಿಯೂ ಇರಲಿಲ್ಲ.

ಶ್ರೀಮಂತ ಕ್ಲಬ್ಬಿನ ಅಭಿಮಾನಿಗೆ ಇನ್ನೇನು ಉಳಿದಿದೆ ಹೇಳಿ. ಆಟಗಾರನನ್ನು ಕೊಳ್ಳೋದು ಅವನ ಟಿಕೆಟ್ ದುಡ್ಡಲ್ಲ. ಮ್ಯಾನೇಜರ್ ಯಾರಾಗಬೇಕು ಅಂತ ಅವನನ್ನು ಕೇಳೋದಿಲ್ಲ. ಅವನು ಕೂಗದಿದ್ದರೂ ಸಂಬಳ ನಿಲ್ಲಲ್ಲ. ಅಬುಧಾಬಿಯ ದುಡ್ಡಿನಿಂದ ಕೊಳ್ಳಲಾಗದ ಒಂದು ವಸ್ತು ಅವನ ಹತ್ತಿರ ಇತ್ತು, ಅದು ಕೃತಜ್ಞತೆ. ಅದನ್ನು ಕೊಡಲಿಕ್ಕೂ ಬಿಡದೆ ರಾತ್ರಿ ಹೊತ್ತು ಬಾಗಿಲು ಹಾಕಿದ್ದೇ ಜನರನ್ನು ಚುಚ್ಚಿದ್ದು ಅಂತ ನಾನು ನಂಬಿದ್ದೇನೆ.

ಅದೇ ಋತುವಿನಲ್ಲಿ ಲಂಡನ್ನಿನಲ್ಲೂ ಇದೇ ನಡೆದಿತ್ತು. 2012ರ ಮೇ 19ರಂದು ಚೆಲ್ಸಿಗೆ ಮೊದಲ ಚಾಂಪಿಯನ್ಸ್ ಲೀಗ್ ತಂದುಕೊಟ್ಟ ರೋಬರ್ಟೋ ಡಿ ಮಟ್ಟಿಯೋರನ್ನು ಆರು ತಿಂಗಳಿಗೆ ತೆಗೆದರು. ಆಟಗಾರನಾಗಿದ್ದಾಗ ಅವರ ಅಂಗಿಯ ಸಂಖ್ಯೆ 16. ಅಭಿಮಾನಿಗಳು ಪಂದ್ಯಗಳಲ್ಲಿ 16ನೇ ನಿಮಿಷಕ್ಕೆ ಚಪ್ಪಾಳೆ ತಟ್ಟಿ ಅವರ ಹೆಸರು ಕೂಗತೊಡಗಿದರು. ನಂತರ ಬಂದ ಬೆನಿಟೆಜ್ ಯೂರೋಪಾ ಲೀಗ್ ಗೆದ್ದುಕೊಟ್ಟರೂ ಅವರಿಗೆ ಆ ಪ್ರೀತಿ ಸಿಗಲಿಲ್ಲ. ಬೆನಿಟೆಜ್‌ಗೆ ಅನ್ಯಾಯವಾಯ್ತು ಅಂತಲೇ ನನಗನಿಸುತ್ತೆ.

ಅಭಿಮಾನಿಗಳು ಯಾವಾಗಲೂ ದೊಡ್ಡ ಮನಸ್ಸಿನವರು ಅಂತಲೂ ಅಲ್ಲ. ಪೆಲ್ಲೆಗ್ರಿನಿ ಬಂದರು. ಒಳ್ಳೆಯ, ಮೆತ್ತಗಿನ ಮನುಷ್ಯ, ಓದಿದ್ದು ಸಿವಿಲ್ ಇಂಜಿನಿಯರಿಂಗ್. ಮೊದಲ ವರ್ಷವೇ ಲೀಗು, ಲೀಗ್ ಕಪ್ ಎರಡನ್ನೂ ಗೆದ್ದರು, ತಂಡ ಲೀಗಿನಲ್ಲಿ 102 ಗೋಲು ಹೊಡೆಯಿತು. ಜನ ಅವರನ್ನೂ ಹಚ್ಚಿಕೊಂಡರು. 2016ರಲ್ಲಿ ಅವರ ಜಾಗಕ್ಕೆ ಗ್ವಾರ್ಡಿಯೋಲಾ ಬರ್ತಾರೆ ಅಂತ ಈ ಸಲ ಕ್ಲಬ್ ಫೆಬ್ರವರಿಯಲ್ಲೇ ಹೇಳಿಬಿಟ್ಟಿತು. ಮೇ 8ರಂದು ಕೊನೆಯ ಮನೆ ಪಂದ್ಯ, ನಂತರ ವಿದಾಯ, ಎಲ್ಲ ಕ್ರಮವಾಗಿ. ಆದರೆ ಆರ್ಸೆನಲ್ ಜೊತೆ 2-2 ಆಗಿ ಬೇಸರಗೊಂಡ ಜನ ಎದ್ದು ಹೋಗಿಬಿಟ್ಟಿದ್ದರು. ಪೆಲ್ಲೆಗ್ರಿನಿ ಬಹುಪಾಲು ಖಾಲಿ ಕುರ್ಚಿಗಳ ಮುಂದೆ ನಿಂತು ಮಾತಾಡಿದರು. ಅಷ್ಟು ಹೊತ್ತಿಗೆ ನಾನು ಬೆಂಗಳೂರಿಗೆ ಬಂದಾಗಿತ್ತು. ಟಿವಿಯಲ್ಲಿ ನೋಡಿ ಹೊಟ್ಟೆಯಲ್ಲಿ ಸಂಕಟವಾಯ್ತು. ಕಳಿಸಿಕೊಡುವ ಅವಕಾಶ ಸಿಕ್ಕಿದಾಗ ಜನ ನಿಲ್ಲಲಿಲ್ಲ. ಅಜ್ಜ ಕೊನೆತನಕ ಕೂತಿದ್ದರಂತೆ. "ಮಂಡಿ ನೋವು, ಆದರೂ ಎದ್ದು ನಿಂತೆ" ಅಂದಿದ್ದರು ಫೋನಿನಲ್ಲಿ.

ಇದನ್ನೆಲ್ಲ ಯೋಚಿಸಿದಾಗ ಅನಿಸೋದು, ಮಾನ್ಚೀನಿಗೆ ಸಿಕ್ಕ ಪ್ರೀತಿ ಕಪ್ಪುಗಳ ಲೆಕ್ಕದ್ದಲ್ಲ. ಅವರ ನಂತರ ಬಂದವರು ಅದಕ್ಕಿಂತ ಎಷ್ಟೋ ಜಾಸ್ತಿ ಗೆದ್ದರು. 35 ವರ್ಷ ಅಣಕಿಸಿಕೊಂಡವರ ಮೈಮೇಲಿಂದ ಆ ಬ್ಯಾನರ್ ಇಳಿಸಿದ್ದು ಇವರು. ಮೊದಲ ಮಳೆ ತಂದವರನ್ನು ನೆನಪಿಡುವ ಬಗೆಯೇ ಬೇರೆ, ಅಲ್ವಾ?

2013ರ ಮೇ 19ರಂದು, ಆ ಋತುವಿನ ಕೊನೆಯ ಪಂದ್ಯಕ್ಕೆ, ಅಜ್ಜ ತಮ್ಮ ತಮ್ಮನ ಟಿಕೆಟ್ಟಿನಲ್ಲಿ ನನ್ನನ್ನು ಕರೆದೊಯ್ದಿದ್ದರು. ನಾರಿಚ್‌ಗೆ 3-2 ಸೋತೆವು. ಬಿಸಿಲಿತ್ತು. ಆದರೂ ನಮ್ಮ ಸಾಲಿನಲ್ಲಿ ಕೂತಿದ್ದ ಎಷ್ಟೋ ಜನ ಉಲನ್ನಿನ ಆ ನೀಲಿ-ಬಿಳಿ ಸ್ಕಾರ್ಫ್ ಹಾಕಿಕೊಂಡು ಬಂದಿದ್ದರು. ಬೆವರು ಒರೆಸಿಕೊಳ್ತಾ ಹಾಡಿದರು.

2021ರ ಜುಲೈ 11ರಂದು ವೆಂಬ್ಲಿಯಲ್ಲಿ ಯೂರೋ ಫೈನಲ್ ನಡೆಯಿತು, ಇಂಗ್ಲೆಂಡ್ ಮತ್ತು ಇಟಲಿ. ಇಟಲಿಯ ಮ್ಯಾನೇಜರ್ ಮಾನ್ಚೀನಿ. ಪೆನಾಲ್ಟಿಯಲ್ಲಿ ಇಟಲಿ ಗೆದ್ದಾಗ ನಮ್ಮಲ್ಲಿ ಬೆಳಗಿನ ಜಾವ. ಮಾನ್ಚೀನಿ ತಮ್ಮ ಗೆಳೆಯ ವಿಯಾಲಿಯನ್ನು ತಬ್ಬಿಕೊಂಡು ಅಳ್ತಿದ್ದರು. ಆಟಗಾರರಾಗಿ ಅವರಿಬ್ಬರೂ 1992ರಲ್ಲಿ ವೆಂಬ್ಲಿಯಲ್ಲೇ ಸ್ಯಾಂಪ್‌ಡೋರಿಯಾ ಪರ ಯುರೋಪಿಯನ್ ಕಪ್ ಫೈನಲ್ ಸೋತಿದ್ದರು. ವಿಯಾಲಿ ಅಷ್ಟರಲ್ಲಾಗಲೇ ಕ್ಯಾನ್ಸರ್ ಜೊತೆ ಹೋರಾಡಿದ್ದರು.

ಮರುದಿನ ಅಜ್ಜನಿಗೆ ಫೋನ್ ಮಾಡಿದೆ. ಇಂಗ್ಲೆಂಡ್ ಸೋತಿದೆ, ಸಮಾಧಾನ ಹೇಳೋಣ ಅಂತ. ಸ್ವಲ್ಪ ಹೊತ್ತು ಪೆನಾಲ್ಟಿ ತಪ್ಪಿಸಿದ ಹುಡುಗರ ಬಗ್ಗೆ ಮರುಗಿದರು. ಆಮೇಲೆ ಕೇಳಿದರು.

"ರೋಬರ್ಟೋ ಅತ್ತದ್ದು ನೋಡಿದೆಯಾ?"

"ನೋಡಿದೆ."

"ನಮ್ಮ ಊರಲ್ಲಿ ಅವರಿಗೆ ಆಗಲಿಲ್ಲ ನೋಡು, ಅದು." ಸ್ವಲ್ಪ ಸುಮ್ಮನಾದರು. ಹಿಂದೆ ಕೆಟಲ್ ಕುದಿಯುವ ಸದ್ದು ಕೇಳ್ತಿತ್ತು. "ಆ ಪುಟ ಇನ್ನೂ ಗೋಡೆ ಮೇಲೇ ಇದೆ. ಒಂದು ಮೂಲೆಯ ಟೇಪ್ ಬಿಟ್ಕೊಂಡಿದೆ. ಇವತ್ತು ಅಂಗಡಿಗೆ ಹೋದಾಗ ಹೊಸದು ತರಬೇಕು."